ಮನೆಗೆ ಬಂದ ಮೇಲೆ ಕ್ರೀಮ್ ಸೋಡಾ

ಫ್ರಿಜ್ಜಿನ ಮುಂದೆ ನಿಂತರೆ ಪಪ್ಪನ ಕೈ ಸುಮ್ಮನಿರುತ್ತಿರಲಿಲ್ಲ. ಯಾರ ಅಂಗಡಿಯಾದರೂ ಸರಿ, ಗಾಜಿನ ಬಾಗಿಲು ತೆರೆದು, ಅಡ್ಡಾದಿಡ್ಡಿ ನಿಂತ ಕ್ಯಾನುಗಳನ್ನು ಒಂದೊಂದಾಗಿ ತಿರುಗಿಸಿ, ಎಲ್ಲದರ ಹೆಸರೂ ಮುಂದೆ ಕಾಣುವ ಹಾಗೆ ನಿಲ್ಲಿಸಿಯೇ ಮುಂದಕ್ಕೆ ಹೋಗುವುದು. ಅಬುಧಾಬಿಯಲ್ಲಿ ತಂಪು ಪಾನೀಯದ ವ್ಯಾನ್ ಓಡಿಸಿಕೊಂಡು, ಗ್ರೋಸರಿ, ಕೆಫೆಟೇರಿಯಾಗಳ ಫ್ರಿಜ್ಜು ತುಂಬಿಸುತ್ತಲೇ ಅವರ ಆಯುಷ್ಯ ಕಳೆದಿತ್ತು. ಕ್ಯಾನಿನ ಮುಖ ತಿರುಗಿಸುವ ಆ ಕೆಲಸಕ್ಕೆ ಅವರಲ್ಲಿ ಫೇಸಿಂಗ್ ಎನ್ನುತ್ತಾರೆ. ಎಷ್ಟೋ ಸಲ ನಾನು ಬೈದದ್ದುಂಟು. "ಪಪ್ಪ, ಇವತ್ತು ನಿಮಗೆ ರಜೆ, ಕ್ಯಾನುಗಳಿಗೂ ರಜೆ ಕೊಡಿ" ಎಂದರೆ ನಗುತ್ತಿದ್ದರು, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಫ್ರಿಜ್ಜಿನ ಒಳಗೂ ಜಾತಿ ಉಂಟು ಎಂದು ನನಗೆ ಗೊತ್ತಾದದ್ದು ಅವರಿಂದಲೇ. ಕೋಲಾ ಕಣ್ಣಿನ ಎತ್ತರಕ್ಕೆ. ಅದರ ಕೆಳಗೆ ಕಿತ್ತಳೆ, ಮತ್ತೆ ಲೆಮನ್. ತೀರ ಕೆಳಗಿನ ಸಾಲಿನ ಮೂಲೆಯಲ್ಲಿ, ಸೊಂಟ ಬಗ್ಗಿಸಿದವರಿಗೆ ಮಾತ್ರ ಕಾಣುವಲ್ಲಿ, ಕ್ರೀಮ್ ಸೋಡಾ. ಕಂಪನಿಯವರು ಕೊಟ್ಟ ಚಿತ್ರದಲ್ಲಿ ಹಾಗೇ ಇರುತ್ತಿತ್ತು. ಪಪ್ಪ ಚಿತ್ರದಂತೆಯೇ ಎಲ್ಲ ಜೋಡಿಸಿ, ಕೊನೆಗೆ ಯಾರೂ ನೋಡದಾಗ ಎರಡು ಕ್ರೀಮ್ ಸೋಡಾ ಎತ್ತಿ ಕೈಗೆ ಸಿಗುವ ಸಾಲಿಗೆ ಇಡುತ್ತಿದ್ದರು. ಶ್ರೀಲಂಕಾದವರು ಅದನ್ನು ಬಾಕ್ಸ್ ಲೆಕ್ಕದಲ್ಲಿ ಒಯ್ಯುತ್ತಾರೆ, ಹಾಲು ಬೆರೆಸಿಯೂ ಕುಡಿಯುತ್ತಾರೆ. ದಕ್ಷಿಣ ಆಫ್ರಿಕಾದವರಿಗೆ ಅದು ಹಸಿರು ಬಣ್ಣದಲ್ಲೇ ಇರಬೇಕು, ಇಲ್ಲದಿದ್ದರೆ ಮುಟ್ಟುವುದಿಲ್ಲ. ನಮ್ಮ ಕಡೆಯವರು ಮಾತ್ರ ಒಮ್ಮೆ ನೋಡಿ, ಊರಿನ ಐಸ್‌ಕ್ರೀಮ್ ಸೋಡಾ ನೆನಪಾಗಿ, ಮತ್ತೆ ಕೋಲಾವನ್ನೇ ತೆಗೆದುಕೊಳ್ಳುತ್ತಾರೆ. ಹೀಗೆಲ್ಲ ಹೇಳುವಾಗ ಅವರಿಗೆ ಸ್ವಲ್ಪ ಬೇಸರವೂ ಆಗುತ್ತಿತ್ತು. "ಕೋಲಾ ಬಾಯಾರಿಕೆಗೆ, ಲೆಮನ್ ಹೊಟ್ಟೆಗೆ. ಇದು ಸುಮ್ಮನೆ ಕೂತು ಕುಡಿಯುವವರಿಗೆ" ಎನ್ನುತ್ತಿದ್ದರು. ರೂಮಿನ ಪಾರ್ಟಿಯಲ್ಲಿ ಬೇರೆಯವರ ಕೈಯಲ್ಲಿ ಬೇರೆ ಏನೇನೋ ಇದ್ದರೆ ಪಪ್ಪನ ಕೈಯಲ್ಲಿ ಇದೇ.

ನನಗಂತೂ ಅದರ ವಾಸನೆಯೇ ಆಗುತ್ತಿರಲಿಲ್ಲ. ಹೆಸರಿನಲ್ಲಿರುವ ಕೆನೆ ಒಳಗಿಲ್ಲ, ಯಾವ ಹಣ್ಣೂ ಇಲ್ಲ, ವೆನಿಲ್ಲಾ ಎಸೆನ್ಸಿನ ಪರಿಮಳವೊಂದೇ. ಏನೂ ಇಲ್ಲದೆ ಬರೀ ಪರಿಮಳ ಇರುವ ವಸ್ತು ಎಂದರೆ ನನಗೆ ಚಿಕ್ಕಂದಿನಿಂದಲೂ ಹೆದರಿಕೆ.

ನನ್ನ ಮನೆ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ನಾನು, ನನ್ನ ಗಂಡ, ಒಂದು ಬೆಡ್‌ರೂಮಿನ ಫ್ಲ್ಯಾಟು, ಮೂರನೇ ಮಹಡಿ, 307. ಪಪ್ಪ ಇದ್ದದ್ದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ, ನಾಲ್ಕು ಜನರ ರೂಮಿನಲ್ಲಿ. ಭಾನುವಾರ ರಜೆ ಇದ್ದರೆ ಬಸ್ಸು ಹಿಡಿದು ಬಂದು, ಸಂಜೆ ತಿರುಗಿ ಹೋಗುತ್ತಿದ್ದರು. ಬರುವುದೇನೋ ಬರುತ್ತಿದ್ದರು, ನೇರವಾಗಿ ನಮ್ಮ ಮನೆಗೆ ಬಂದದ್ದು ಕಡಿಮೆ. ಇಲ್ಲಿ ಕಟ್ಟಡಗಳೆಲ್ಲ ಒಂದೇ ಅಚ್ಚು. ನಮ್ಮ ಕಟ್ಟಡಕ್ಕೂ ಪಕ್ಕದ ಕಟ್ಟಡಕ್ಕೂ ನಡುವೆ ನಮ್ಮ ಮಂಗಳೂರು ಕಡೆಯ ಒಬ್ಬ ಬ್ಯಾರಿ ಕಾಕನ ಗ್ರೋಸರಿ ಉಂಟು, ಅದಕ್ಕೆ ಎರಡು ಬಾಗಿಲು. ಎಡಗಡೆಯಿಂದ ಹೊರಬಿದ್ದರೆ ನಮ್ಮ ಕಟ್ಟಡ, ಬಲಗಡೆಯಿಂದ ಬಿದ್ದರೆ ಪಕ್ಕದ್ದು. ಪಪ್ಪ ಗ್ರೋಸರಿಯ ಗುರುತು ಹಿಡಿದು ಬಂದು, ಒಳಗೆ ಹೋಗಿ ಫ್ರಿಜ್ಜಿನ ಕ್ಯಾನುಗಳಿಗೆಲ್ಲ ಫೇಸಿಂಗ್ ಮಾಡಿ, ಅದೇ ಗುಂಗಿನಲ್ಲಿ ಬಲಗಡೆಯ ಬಾಗಿಲಿನಿಂದ ಹೊರಬಿದ್ದು, ಪಕ್ಕದ ಕಟ್ಟಡದ 307ರ ಬೆಲ್ ಒತ್ತುವುದು. ಆಗ ಅಲ್ಲಿ ಬ್ಯಾಚುಲರ್ ಹುಡುಗರಿದ್ದರು. "ಅಂಕಲ್ ಮತ್ತೆ ಬಂದ್ರು" ಎಂದು ನಗುತ್ತಾ ನಮ್ಮ ಬಾಗಿಲಿಗೆ ಬಿಟ್ಟು ಹೋಗುತ್ತಿದ್ದರು. ಇಡೀ ಅಬುಧಾಬಿಯ ಗಲ್ಲಿಗಳನ್ನು ಕಣ್ಣುಮುಚ್ಚಿ ಓಡಿಸುವ ಮನುಷ್ಯನಿಗೆ ಸ್ವಂತ ಮಗಳ ಮನೆ ಸಿಗುತ್ತಿರಲಿಲ್ಲ.

ಹೋದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಸಕ್ಕರೆ ಕಾಯಿಲೆ ಹಳೆಯದು. ನಾನು ಮಿರ್ದಿಫ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಡಾಕ್ಟರಲ್ಲ, ನರ್ಸೂ ಅಲ್ಲ, ಆದರೆ ದಿನವಿಡೀ ಶುಗರ್ ಪೇಷಂಟುಗಳ ಮಾತು ಕೇಳಿ ಕೇಳಿ ನನ್ನ ಬಾಯಿ ಡಾಕ್ಟರಿಗಿಂತ ಜೋರಾಗಿತ್ತು. ಅನ್ನ ಎಷ್ಟು, ಹಣ್ಣು ಯಾವುದು, ಎಲ್ಲದರಲ್ಲೂ ನನ್ನದೇ ಕಾಯಿದೆ. ಅಬುಧಾಬಿಯ ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಪಪ್ಪ ಫೋನಿನಲ್ಲಿ ಕೇಳಿದರು, "ಬರುವಾಗ ಒಂದು ಕ್ರೀಮ್ ಸೋಡಾ ತಾ ಮಗಾ." ನಾನು ಬಹಳ ಬುದ್ಧಿವಂತೆ ಅಲ್ಲವೇ, ಸಕ್ಕರೆ ಇಲ್ಲದ ಜೀರೋ ಕ್ಯಾನ್ ಕೊಂಡು ಹೋದೆ. ವಾರ್ಡಿಗೆ ಹೋದ ಮೇಲೆ ಗೊತ್ತಾಯಿತು, ಕುಡಿಯುವ ನೀರಿಗೇ ಅಳತೆ ಹಾಕಿದ್ದಾರೆ ಎಂದು. ಕ್ಯಾನನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಅವರೇ ಇಣುಕಿ ನೋಡಿದರು.

"ಜೀರೋವಾ? ಇದು ಕ್ರೀಮ್ ಸೋಡಾ ಅಲ್ಲ ಮಗಾ, ಅದರ ಫೋಟೋ. ಅಡ್ಡಿಯಿಲ್ಲ ಕೊಡು. ಒಂದೇ ಗುಟುಕು."

ಡ್ರಿಪ್ಪಿನ ಸೂಜಿ ಚುಚ್ಚಿ ಬಿಳಿ ಟೇಪು ಸುತ್ತಿದ್ದ ಬಲಗೈಯನ್ನು ಚಾಚಿದರು. ನಾನು ಬ್ಯಾಗಿನ ಜಿಪ್ ಎಳೆದೆ. "ಮನೆಗೆ ಬನ್ನಿ, ಮನೆಗೆ ಬಂದ ಮೇಲೆ ಕೊಡ್ತೇನೆ" ಎಂದೆ. ಸ್ವಲ್ಪ ಹೊತ್ತು ಕೈ ಹಾಗೇ ಇತ್ತು. ಆಮೇಲೆ ಚಾದರದ ಮೇಲೆ ಇಟ್ಟುಕೊಂಡು, "ನಿನ್ನ ಮನೆ ನನಗೆ ಸಿಗುದಿಲ್ಲವಲ್ಲ" ಎಂದು ನಕ್ಕರು. ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು.

ಅಮ್ಮ ಆಗಷ್ಟೇ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದು ನಮ್ಮ ಜೊತೆ ಇದ್ದರು. ಪಪ್ಪನ ದಹನ ಇಲ್ಲಿಯೇ ಆಯಿತು. ಬೂದಿಯನ್ನು ನನ್ನ ಗಂಡ ಊರಿಗೆ ಒಯ್ದರು, ಪಪ್ಪನ ಕುಟುಂಬದವರು ಹೊಳೆಗೆ ಬಿಟ್ಟು ಬೊಜ್ಜವನ್ನೂ ಮುಗಿಸಿದರು. ಬೊಜ್ಜ ಎಂದರೆ ನಮ್ಮ ತುಳುವರ ಉತ್ತರಕ್ರಿಯೆ. ಅದರಲ್ಲಿ ಒಳಗೆ ಕರೆಯುವುದು ಎಂದು ಒಂದು ಕ್ರಮವುಂಟು. ಸತ್ತವರು ಮನೆಯ ಹೊರಗೆ ನಿಂತಿರುತ್ತಾರಂತೆ. ಹತ್ತಿರದವರು ಹೆಸರು ಹಿಡಿದು ಒಳಗೆ ಕರೆದು, ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಕೋಣೆಯ ಬಾಗಿಲು ಮುಚ್ಚಿ ಬರಬೇಕು. ಅಲ್ಲಿಂದ ಮುಂದೆ ಅವರು ಮನೆಯ ಹಿರಿಯರ ಜೊತೆ ಸೇರಿದ ಹಾಗೆ. ಊರಿನಲ್ಲಿ ಕರೆದಾಗ ಎಲೆ ಬಡಿಸಿದ ಹಾಗೇ ಇತ್ತಂತೆ, ಮುಟ್ಟಿದ ಗುರುತೇ ಇರಲಿಲ್ಲವಂತೆ. ಪಪ್ಪನ ಅಣ್ಣ ಅಮ್ಮನಿಗೆ ಫೋನು ಮಾಡಿ, "ಬರಲಿಲ್ಲ ಅಂತ ಕಾಣ್ತದೆ" ಎಂದರು.

"ಹೇಗೆ ಬರುದು? ಸತ್ತ ಮೇಲೆ ಪಾಸ್‌ಪೋರ್ಟಿಗೆ ಕ್ಯಾನ್ಸಲ್ ಸೀಲು ಹೊಡೆದಿದ್ದಾರೆ" ಎಂದು ಅಮ್ಮ ನನಗೆ ಹೇಳಿದರು. ನಾವು ಮನೆಯಲ್ಲಿ ಮಾತಾಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಮಾಷೆಗೆ ಹೇಳಿದರೆಂದು ನಾನು ನಗಲು ಹೋದೆ. ಅವರ ಮುಖದಲ್ಲಿ ನಗು ಇರಲಿಲ್ಲ. "ಅವರು ಇಲ್ಲೇ ಇದ್ದಾರೆ. ನನ್ನ ವೀಸಾ ಮುಗಿಯಲಿಕ್ಕೆ ಹತ್ತು ದಿನ ಉಂಟು. ಅಷ್ಟರೊಳಗೆ ನೀನು ಇಲ್ಲಿಗೆ ಕರೆಯಬೇಕು."

ನನಗೆ ಇಂಥದ್ದರಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಬಾಡಿಗೆಯ ಫ್ಲ್ಯಾಟಿಗೆ ಸತ್ತವರನ್ನು ಕರೆಯುವುದೆಂದರೆ ಏನು, ನಾಳೆ ಬೇರೆ ಮನೆಗೆ ಹೋದರೆ ಅವರನ್ನೂ ಕಂಟ್ರಾಕ್ಟಿನಲ್ಲಿ ಬರೆಸುವುದೇ ಎಂದು ಜಗಳವಾಡಿದೆ. ಆದರೆ ಒಳಗೊಳಗೆ ನನ್ನ ಚಿಂತೆ ಬೇರೆಯೇ ಇತ್ತು. ಊರಿನಲ್ಲಿ ಎಲೆ ಹಾಗೇ ಉಳಿಯಿತು ಎಂದು ಕೇಳಿದಂದಿನಿಂದ ಆ ಚಾಚಿದ ಕೈ ನನ್ನ ಕಣ್ಣಿನಿಂದ ಹೋಗುತ್ತಿರಲಿಲ್ಲ. ಒಂದು ಗುಟುಕು ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ನನ್ನ ಮೇಲಿನ ಸಿಟ್ಟಿನಿಂದಲೇ ಅವರು ಎಲ್ಲಿಗೂ ಹೋಗದೆ ನಿಂತಿದ್ದರೆ? ಅಮ್ಮ ವಿಮಾನ ಹತ್ತಿದ ಮೇಲೆ ಕರೆಯುವ ಕ್ರಮ ತಿಳಿದವರು ಇಲ್ಲಿ ಯಾರೂ ಇಲ್ಲ. ಅವರು ಹಾಗೇ ಹೊರಗೆ ಉಳಿಯುತ್ತಾರೆ.

ಒಂದು ಶನಿವಾರ ಮುಸ್ಸಂಜೆ ಇಟ್ಟುಕೊಂಡೆವು. ಸೂಪರ್‌ಮಾರ್ಕೆಟಿನಿಂದ ಬಾಳೆ ಎಲೆ ತಂದದ್ದಾಯಿತು. ಅಮ್ಮ ಕೋಳಿ ಸುಕ್ಕ, ಬಂಗುಡೆ ಸಾರು ಮಾಡಿದರು. ಊದುಬತ್ತಿಯ ಹೊಗೆಗೆ ಅಲಾರಂ ಹೊಡೆದುಕೊಂಡು ಸೆಕ್ಯೂರಿಟಿಯವನು ಓಡಿ ಬರಬಾರದೆಂದು ನನ್ನ ಗಂಡ ಸ್ಟೂಲು ಹತ್ತಿ ಚಾವಣಿಯ ಸ್ಮೋಕ್ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದರು. ಬೆಡ್‌ರೂಮಿನಲ್ಲಿ ದೀಪ ಇಟ್ಟು ಎಲೆ ಬಡಿಸಿದೆವು. ನಾನು ಫ್ಲ್ಯಾಟಿನ ಬಾಗಿಲು ತೆರೆದು ಕಾರಿಡಾರಿಗೆ ಮುಖ ಮಾಡಿ, "ಪಪ್ಪ, ಉಲಾಯಿ ಬಲ್ಲೆ" ಎಂದು ಮೂರು ಸಲ ಕರೆದೆ. ಒಳಗೆ ಬನ್ನಿ ಎಂದು. ಎದುರಿನ ಫ್ಲ್ಯಾಟಿನವರಿಗೆ ಕೇಳೀತೆಂದು ನನ್ನ ಸ್ವರ ಗಂಟಲಲ್ಲೇ ಇತ್ತು. ಕೊನೆಯಲ್ಲಿ ಲೋಟಕ್ಕೆ ಕ್ರೀಮ್ ಸೋಡಾ ಸುರಿದು, ಕೋಣೆಯ ಬಾಗಿಲು ಎಳೆದುಕೊಂಡು ಮೂವರೂ ಹಾಲಿನಲ್ಲಿ ಕುಳಿತೆವು.

ಕಾಲು ಗಂಟೆ ಕಳೆದು, ಅಮ್ಮ ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆದರು. ಎಲೆಯ ಮೇಲಿನ ಅನ್ನ ಹೇಗಿತ್ತೋ ಹಾಗೇ ಇತ್ತು. ಲೋಟದಲ್ಲಿ ಗುಳ್ಳೆಗಳು ಇನ್ನೂ ಏಳುತ್ತಿದ್ದವು. ಅಮ್ಮ ಖಾಲಿ ಕ್ಯಾನನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು ಓದಿದರು. ಅದು ಆಸ್ಪತ್ರೆಗೆ ಒಯ್ದಿದ್ದ ಅದೇ ಜೀರೋ ಕ್ಯಾನ್. ಪಪ್ಪ ಕೈ ಚಾಚಿದ್ದು ಅದಕ್ಕೇ ಅಲ್ಲವೇ ಎಂದು ಫ್ರಿಜ್ಜಿನಲ್ಲಿ ಕಾದಿಟ್ಟಿದ್ದೆ.

"ಸತ್ತವರಿಗೂ ಶುಗರ್ ನೋಡ್ತೀಯಾ ನೀನು?" ಎಂದರು ಅಮ್ಮ.

ನಾನು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತೆ. ಸತ್ತ ಮೇಲೂ ಅವರ ಬಾಯಿಗೆ ಕಾವಲು ಕೂತ ಮಗಳು ನಾನು.

ಮರುದಿನ ಸಂಜೆ ಸಕ್ಕರೆ ಇರುವ ನಿಜವಾದ ಕ್ಯಾನ್ ತರಲೆಂದು ಕಾಕನ ಗ್ರೋಸರಿಗೆ ಇಳಿದೆ. ಫ್ರಿಜ್ಜಿನ ಮುಂದೆ ನಿಂತವಳ ಕೈ ಬಾಗಿಲಿನ ಹಿಡಿಯಲ್ಲೇ ಉಳಿಯಿತು. ಎಲ್ಲ ಕ್ಯಾನುಗಳೂ ಹೆಸರು ಮುಂದೆ ಮಾಡಿ ಸಾಲಾಗಿ ನಿಂತಿದ್ದವು. ಕೈಗೆ ಸಿಗುವ ಸಾಲಿನಲ್ಲಿ, ಕೋಲಾಗಳ ನಡುವೆ, ಎರಡು ಕ್ರೀಮ್ ಸೋಡಾ.

"ಅದು ನೀವು ಮಾಡುದಲ್ವಾ ಅಕ್ಕ?" ಎಂದ ಕಾಕ ಕೌಂಟರಿನ ಹಿಂದಿನಿಂದ. "ನಾನು ಕೆಳಗೆ ಇಟ್ರೆ ಸಂಜೆಗೆ ಮೇಲೆ ಬಂದಿರ್ತದೆ. ಒಂದು ತಿಂಗಳಾಯ್ತು. ನಿಮ್ಮ ಅಪ್ಪನ ನೆನಪಿಗೆ ನೀವೇ ಮಾಡ್ತೀರಿ ಅಂತ ನಾನು ಮಾತಾಡ್ಲಿಲ್ಲ."

ಮಾಡಿದ್ದು ನಾನಲ್ಲ. ಪಪ್ಪ ತೀರಿಕೊಂಡು ಆಗ ಸರಿಯಾಗಿ ಒಂದು ತಿಂಗಳ ಮೇಲೆ ನಾಲ್ಕು ದಿನವಾಗಿತ್ತು. ಕ್ಯಾನ್ ತೆಗೆಯುವಾಗ ಬೆರಳು ತಣ್ಣಗಾದದ್ದು ಫ್ರಿಜ್ಜಿನಿಂದಲೇ ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಬಲಗಡೆಯ ಬಾಗಿಲಿನಿಂದ ಒಬ್ಬ ಹೆಂಗಸು ಬಂದರು. ಸ್ಕ್ರಬ್ಸ್ ಹಾಕಿದ್ದರು, ಯಾವುದೋ ಆಸ್ಪತ್ರೆಯ ನರ್ಸ್. ಕಾಕನ ಜೊತೆ ಮಾತಾಡಿದ ಕನ್ನಡದಲ್ಲೇ ನಮ್ಮ ಮಂಗಳೂರು ಕಡೆಯ ಕೊಂಕಣಿಯವರು ಎಂದು ಗೊತ್ತಾಗುತ್ತಿತ್ತು. ಪಕ್ಕದ ಕಟ್ಟಡಕ್ಕೆ ಬಂದು ಇಪ್ಪತ್ತು ದಿನವಾಯಿತಂತೆ.

"ಎಂತ ಹೇಳುದು ಮಾರಾಯ್ರೆ, ನಮ್ಮ ಫ್ಲ್ಯಾಟಿಗೆ ಯಾರೋ ಬಂದು ಬೆಲ್ ಮಾಡ್ತಾರೆ. ದಿನಾ ಸಂಜೆ, ಮಸೀದಿಯ ಮಗ್ರಿಬ್ ಬಾಂಗಿನ ಹೊತ್ತಿಗೆ. ಬಾಗಿಲು ತೆಗೆದ್ರೆ ಯಾರೂ ಇಲ್ಲ. ವಾಚ್‌ಮನ್‌ಗೆ ಹೇಳಿಯಾಯ್ತು, ಬೆಲ್ ಬದಲಾಯಿಸಿಯೂ ಆಯ್ತು. ಪಾದ್ರಿಯವರನ್ನು ಕರೆದು ಪ್ರಾರ್ಥನೆಯೂ ಮಾಡಿಸಿದೆವು. ಬಾಗಿಲಲ್ಲಿ ಏನೋ ಕೇಕಿನ ಪರಿಮಳ ಬೇರೆ ಬರ್ತದೆ."

"ನಿಮ್ಮ ಫ್ಲ್ಯಾಟ್ ನಂಬರ್ ಎಷ್ಟು?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

"ತ್ರೀ ನಾಟ್ ಸೆವೆನ್" ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವರು ಹೆದರುತ್ತಾರೆ ಎಂದುಕೊಂಡಿದ್ದೆ. ಅಮ್ಮ ಹಣೆ ಚಚ್ಚಿಕೊಂಡರು. "ಗ್ರೋಸರಿಯವರೆಗೆ ಸರಿಯಾಗಿಯೇ ಬಂದಿದ್ದಾರೆ. ಅಲ್ಲಿಂದ ಬಲಗಡೆಗೆ ಹೋಗಿದ್ದಾರೆ. ಬದುಕಿದ್ದಾಗ ಇಲ್ಲದ ಬುದ್ಧಿ ಈಗ ಎಲ್ಲಿಂದ ಬರಬೇಕು?" ಎಂದು ಗಂಡನನ್ನು ಬೈದರು. ಬೈಯುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಪಪ್ಪ ಸಿಟ್ಟಿನಿಂದ ಬಾರದೆ ಉಳಿದದ್ದಲ್ಲ, ದಿನವೂ ಬರುತ್ತಿದ್ದಾರೆ, ಬೇರೆಯವರ ಬಾಗಿಲಿಗೆ ಬರುತ್ತಿದ್ದಾರೆ ಎಂದು ಯೋಚಿಸಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು, ಎದೆಯೂ ಸ್ವಲ್ಪ ಹಗುರವಾಗುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತದೆ ಎಂದು ಅದುವರೆಗೆ ಗೊತ್ತಿರಲಿಲ್ಲ.

"ನಾಳೆ ನೀನೇ ಹೋಗಿ ಕರೆದುಕೊಂಡು ಬಾ" ಎಂದರು ಅಮ್ಮ. "ಆ ಬಾಗಿಲ ಮುಂದೆ ನಿಂತು ಕರೆಯಬೇಕು. ಕರೆದ ಮೇಲೆ ಮನೆ ಮುಟ್ಟುವವರೆಗೆ ತಿರುಗಿ ನೋಡಬಾರದು, ಯಾರ ಹತ್ತಿರವೂ ಮಾತಾಡಬಾರದು. ಕೈಯಲ್ಲಿ ಅವರ ಸೋಡಾ ಇರಲಿ. ಅದರ ಹಿಂದೆ ಬರ್ತಾರೆ."

ಮರುದಿನ ಬಾಂಗಿನ ಹೊತ್ತಿಗೆ ಗ್ರೋಸರಿಯ ಬಲಗಡೆಯ ಬಾಗಿಲು ದಾಟಿ ಪಕ್ಕದ ಕಟ್ಟಡಕ್ಕೆ ಹೋದೆ. ಕೈಯಲ್ಲಿ ತಣ್ಣಗಿನ ಕ್ಯಾನ್. ಲಿಫ್ಟಿನ ಒಳಗೆ ಗೋಡೆ ತುಂಬ ಕನ್ನಡಿ. ಬರುವಾಗ ಇದರಲ್ಲಿ ಬಂದರೆ ಹಿಂದೆ ನೋಡಿದ ಹಾಗೇ ಆಗುತ್ತದಲ್ಲ ಎಂದು, ಹತ್ತುವಾಗಲೂ ಮೆಟ್ಟಿಲನ್ನೇ ಹತ್ತಿದೆ. ಅಲ್ಲಿ ಮನುಷ್ಯರು ಬಂದರೆ ತಾನೇ ಹೊತ್ತಿಕೊಳ್ಳುವ ಲೈಟುಗಳು. ನಾನು ಮೇಲಿನ ಮಹಡಿಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಕೆಳಗಿನದು ಆರುತ್ತಿತ್ತು.

307ರ ಮುಂದೆ ಯಾರೂ ಇರಲಿಲ್ಲ. ಬಾಗಿಲ ಮೇಲೆ ಒಂದು ಸಣ್ಣ ಶಿಲುಬೆ, ಕೆಳಗೆ ಚಪ್ಪಲಿ ಸ್ಟ್ಯಾಂಡು. ನಾನು ಬೆಲ್ ಒತ್ತಲಿಲ್ಲ. ಆವತ್ತು ಗಂಟಲಲ್ಲೇ ಉಳಿದ ಸ್ವರವನ್ನು ಇವತ್ತು ಬಿಟ್ಟೆ. "ಪಪ್ಪ, ಇದು ನಮ್ಮ ಮನೆ ಅಲ್ಲ. ಬನ್ನಿ, ಮನೆಗೆ ಹೋಗುವ" ಎಂದು ತುಳುವಿನಲ್ಲಿ ಮೂರು ಸಲ ಕರೆದೆ. ಮೂರನೆಯ ಸಲ ಕರೆಯುವಾಗ ವೆನಿಲ್ಲಾದ ಪರಿಮಳ ಬಂತು. ಕೈಯಲ್ಲಿದ್ದ ಕ್ಯಾನನ್ನು ನಾನಿನ್ನೂ ತೆರೆದಿರಲಿಲ್ಲ.

ಬೆನ್ನು ತಿರುಗಿಸಿ ಹೊರಟೆ. ಮೆಟ್ಟಿಲು ಇಳಿಯುವಾಗ ನನ್ನ ನೆರಳು ನನ್ನ ಮುಂದೆಯೇ ಬೀಳುತ್ತಿತ್ತು. ಅಂದರೆ ಹಿಂದಿನ ಮಹಡಿಯ ಲೈಟು ಆರಿರಲಿಲ್ಲ. ನಾನು ಒಂದು ಸುತ್ತು ಇಳಿದು, ಗೋಡೆ ಹಿಡಿದು ನಿಂತು, ಮನಸ್ಸಿನಲ್ಲೇ ಎಣಿಸುತ್ತಾ ಕಾದೆ. ಮೇಲಿನ ಲೈಟು ಉರಿಯುತ್ತಲೇ ಇತ್ತು. ಪಪ್ಪನಿಗೆ ಮಂಡಿನೋವು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ಇಳಿಯುತ್ತಿದ್ದರು. ಅದು ನೆನಪಾಗಿ ನಾನೂ ನಿಧಾನ ಮಾಡಿದೆ. ಹೆದರಿಕೆ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಹೆಜ್ಜೆಗೊಮ್ಮೆ ಕ್ಯಾನು ಕುಲುಕಿ ಒಳಗೆ ಗ್ಯಾಸ್ ಏಳುವುದು ಬೆರಳಿಗೆ ತಿಳಿಯುತ್ತಿತ್ತು.

ಗ್ರೋಸರಿಯನ್ನು ಬಲಗಡೆಯ ಬಾಗಿಲಿನಿಂದ ಹೊಕ್ಕು ಎಡಗಡೆಯಿಂದ ಹೊರಬೀಳಬೇಕಿತ್ತು. ಅವರು ದಾರಿ ತಪ್ಪುವುದು ಅಲ್ಲಿಯೇ ಅಲ್ಲವೇ. ಕಾಕ ತಲೆ ಎತ್ತಿ, "ಎಂತ ಅಕ್ಕ, ಅಮ್ಮ ಯಾವಾಗ ಹೋಗುದು?" ಎಂದು ಕೇಳಿದ. ನಾನು ಮಾತಾಡಲಿಲ್ಲ. ಎಡಗಡೆಯ ಬಾಗಿಲು ತಲುಪುವಾಗ ಹಿಂದೆ ಫ್ರಿಜ್ಜಿನ ಬಾಗಿಲಿನ ರಬ್ಬರು ಬಿಟ್ಟುಕೊಂಡ ಸದ್ದು ಕೇಳಿತು. ಆಮೇಲೆ ಕ್ಯಾನಿಗೆ ಕ್ಯಾನು ತಾಗುವ ಸಣ್ಣ ಸದ್ದು. ಒಂದು. ಮತ್ತೊಂದು. ನಾನು ಹೊಸ್ತಿಲಲ್ಲಿ ಬೆನ್ನು ಹಾಕಿ ನಿಂತೆ. ರಜೆಯ ದಿನ ಇದೇ ಕೆಲಸಕ್ಕೆ ಎಷ್ಟು ಬೈದಿದ್ದೆ. ಈಗ ಕಣ್ಣೀರು ಸುರಿಸುತ್ತಾ, ಅವರು ಮುಗಿಸಲಿ ಎಂದು ಕಾದೆ.

"ಈ ಫ್ರಿಜ್ಜಿನ ಬಾಗಿಲು ಯಾರು ತೆಗೆದದ್ದು?" ಎಂದು ಕಾಕ ಎದ್ದು ಬಂದ. ಬಾಗಿಲು ಮುಚ್ಚಿದ ಸದ್ದಾಯಿತು. ನಾನು ಹೊರಟೆ. ನಮ್ಮ ಕಟ್ಟಡದಲ್ಲೂ ಲಿಫ್ಟ್ ಬಿಟ್ಟು ಮೆಟ್ಟಿಲನ್ನೇ ಹತ್ತಿದೆ.

ನಮ್ಮ ಬಾಗಿಲಲ್ಲಿ ಅಮ್ಮ ದೀಪ ಹಿಡಿದು ನಿಂತಿದ್ದರು. ನನ್ನ ಹಿಂದೆ ನೋಡಲಿಲ್ಲ, ತಲೆ ತಗ್ಗಿಸಿ ಸೆರಗು ಹೊದ್ದು, ಹೊಸತಾಗಿ ಮದುವೆಯಾದವರ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಎಲೆಯ ಮುಂದೆ ಕುಳಿತು ಕ್ಯಾನ್ ತೆರೆದೆ. ನೊರೆ ಉಕ್ಕಿ ಕೈಯೆಲ್ಲ ಅಂಟಾಯಿತು. ಲೋಟ ತುಂಬ ಸುರಿದೆ. ಅಳತೆ ನೋಡಲಿಲ್ಲ. "ಮನೆಗೆ ಬಂದ ಮೇಲೆ ಕೊಡ್ತೇನೆ ಅಂದಿದ್ದೆ. ಕುಡಿಯಿರಿ ಪಪ್ಪ. ಪೂರ್ತಿ ಕುಡಿಯಿರಿ" ಎಂದು ಹೇಳಿ, ಬಾಗಿಲು ಎಳೆದುಕೊಂಡು ಬಂದೆ.

ಕಾಲು ಗಂಟೆಯ ನಂತರ ತೆರೆದಾಗ ಲೋಟ ತುಂಬಿಯೇ ಇತ್ತು. ಆದರೆ ಗುಳ್ಳೆ ಒಂದೂ ಇರಲಿಲ್ಲ. ಬಡಿಸಿದ್ದನ್ನು ಮನೆಯವರೇ ತಿಂದು ಮುಗಿಸಬೇಕು ಎಂಬುದು ಕ್ರಮ. ಸೋಡಾವನ್ನು ಅಮ್ಮ ನನ್ನ ಕೈಗೆ ಕೊಟ್ಟರು. ಜೀವನದಲ್ಲಿ ಮೊದಲ ಸಲ ಒಂದು ಲೋಟ ಕ್ರೀಮ್ ಸೋಡಾವನ್ನು ನಾನು ಪೂರ್ತಿ ಕುಡಿದೆ. ಗ್ಯಾಸೂ ಇಲ್ಲ, ಪರಿಮಳವೂ ಇಲ್ಲ, ಬರೀ ಸಿಹಿನೀರು. ಪರಿಮಳವನ್ನೆಲ್ಲ ಯಾರೋ ತೆಗೆದುಕೊಂಡಿದ್ದರು. ನನ್ನ ಗಂಡ, ಬಿಸಿ ಕೋಣೆಯಲ್ಲಿ ಇಟ್ಟರೆ ಗ್ಯಾಸ್ ಹೋಗುವುದೇ ಎಂದರು. ಇರಬಹುದು ಎಂದೆ.

ಅಮ್ಮ ವೀಸಾ ಮುಗಿಯುವ ಮೊದಲೇ ಊರಿಗೆ, ಚಿಕ್ಕಮ್ಮನ ಮನೆಗೆ, ನಿಶ್ಚಿಂತೆಯಿಂದ ಹೋದರು. ಏರ್‌ಪೋರ್ಟಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು, "ಮನೆ ಬದಲಾಯಿಸಿದರೆ ಅವರಿಗೂ ಹೇಳಿ ಹೋಗು." ನಾನು ಮತ್ತೆ ಕ್ಲಿನಿಕ್ಕಿನ ಕೌಂಟರಿಗೆ ಮರಳಿದೆ. ಎಲ್ಲವೂ ನನ್ನ ತಲೆಯ ಆಟವೇ ಇರಬೇಕು ಎಂದು ಹೇಳಿಕೊಳ್ಳಲು ಶುರುಮಾಡಿದ್ದೆ. ಮೆಟ್ಟಿಲಿನ ಲೈಟು ಕೆಟ್ಟಿರಬಹುದು, ಫ್ರಿಜ್ಜಿನ ಬಾಗಿಲನ್ನು ಬೇರೆ ಗಿರಾಕಿ ತೆಗೆದಿರಬಹುದು.

ಒಂದು ವಾರ ಕಳೆದ ಮೇಲೆ ಗ್ರೋಸರಿಯಲ್ಲಿ ಆ ನರ್ಸ್ ಮತ್ತೆ ಸಿಕ್ಕಿದರು. ನನ್ನನ್ನು ನೋಡಿ ಅವರೇ ಹತ್ತಿರ ಬಂದರು.

"ನಿಮ್ಮ ಅಪ್ಪ ಹುಷಾರಾದ್ರಾ?"

ಪಪ್ಪನ ವಿಷಯ ಅವರಿಗೆ ನಾನು ಹೇಳಿಯೇ ಇರಲಿಲ್ಲ. ಪಪ್ಪ ಇದ್ದಾರೆಂದೂ ಇಲ್ಲವೆಂದೂ ಹೇಳಿರಲಿಲ್ಲ.

"ಆವತ್ತು ಬಾಗಿಲ ಹತ್ತಿರ ಸ್ವರ ಕೇಳಿ ಬಾಗಿಲಿನ ಲೆನ್ಸಿನಿಂದ ಹೊರಗೆ ನೋಡಿದೆ. ನೀವು ತಿರುಗಿ ಹೊರಟಿದ್ರಿ, ಹಿಂದೆ ಅವರಿದ್ರು. ಬೆಲ್ ಮಾಡ್ತಿದ್ದದ್ದು ಅವರೇ ಅಂತ ಆಗ ಗೊತ್ತಾಯ್ತು ನೋಡಿ, ಮತ್ತೆ ಬರ್ಲೇ ಇಲ್ಲ. ವಯಸ್ಸಾದವರಿಗೆ ಮರೆವು ಬರ್ತದೆ, ಪಾಪ. ಮೊದಲೇ ಹೇಳಿದ್ರೆ ನಾನೇ ಒಳಗೆ ಕರೆದು ಕೂರಿಸ್ತಿದ್ದೆ." ಅವರು ಸ್ವರ ತಗ್ಗಿಸಿದರು. "ಬೇಜಾರು ಮಾಡ್ಬೇಡಿ. ನಾನು ನರ್ಸ್ ಅಲ್ವಾ, ಕಣ್ಣು ಅಲ್ಲಿಗೇ ಹೋಗ್ತದೆ. ಕೈಯಲ್ಲಿ ಡ್ರಿಪ್ಪಿನ ಟೇಪು ಇನ್ನೂ ಇತ್ತು. ಆ ಕೈಯನ್ನು ನಿಮ್ಮ ಕ್ಯಾನಿಗೆ ಚಾಚಿಕೊಂಡೇ ಹಿಂದೆ ಬರ್ತಿದ್ರು. ನೀವು ನೋಡ್ಲೇ ಇಲ್ಲ. ಅಷ್ಟು ಆಸೆಪಡ್ತಿದ್ರಲ್ಲ, ಕೊನೆಗಾದ್ರೂ ಕೊಟ್ರಾ?"

ಫ್ರಿಜ್ಜಿನ ಮೋಟರು ಗುಂಯ್‌ಗುಡುತ್ತಿತ್ತು. ಕಾಕ ಯಾರಿಗೋ ಚಿಲ್ಲರೆ ಕೊಡುತ್ತಿದ್ದ. ಆ ಮೂರು ಮಹಡಿಯ ಮೆಟ್ಟಿಲನ್ನೂ, ಎರಡು ಬಾಗಿಲನ್ನೂ, ನಮ್ಮ ಹೊಸ್ತಿಲಿನವರೆಗಿನ ದಾರಿಯನ್ನೂ ನಾನು ಒಂದೊಂದೇ ಹೆಜ್ಜೆಯಾಗಿ ನೆನಪು ಮಾಡಿಕೊಂಡೆ.

"ಕೊಟ್ಟೆ" ಎಂದೆ. "ಮನೆಗೆ ಬಂದ ಮೇಲೆ ಕೊಟ್ಟೆ."